ಹೊದಿಕೆ ವಿಭಾಗ ನಿರ್ಣಯ

ಗಂಡ ಹೆಂಡಿರ ನಡುವೆ ಪಾಲು ಎಂಬುದಿಲ್ಲ ಎಂದು ಆಪಸ್ತಂಬ ಧರ್ಮಸೂತ್ರ ಒಂದೇ ಮಾತಿನಲ್ಲಿ ಹೇಳಿ ಕೈತೊಳೆದುಕೊಂಡಿದೆ. ಆಪಸ್ತಂಬ ಮಹರ್ಷಿಗಳು ಡಬಲ್ ಕಾಟ್ ಕಂಡವರಲ್ಲ, ಆದ್ದರಿಂದ ಅವರ ಮೇಲೆ ದೋಷ ಹೊರಿಸುವಂತಿಲ್ಲ. ಆದರೆ ಬೆಡ್‌ಶೀಟ್ ಅಂಗಡಿಯವರು ಇಂದಿಗೂ ಆ ಸೂತ್ರಕ್ಕೇ ಜೋತುಬಿದ್ದು, 90 ಇಂಚು ಅಗಲ 100 ಇಂಚು ಉದ್ದದ ಒಂದೇ ಬಟ್ಟೆಯನ್ನು ಮಡಿಸಿ, ‘ಇಬ್ಬರಿಗೂ ಧಾರಾಳವಾಗಿ ಆಗುತ್ತೆ ಸಾರ್’ ಎಂದು ಚೀಲಕ್ಕೆ ತುಂಬುತ್ತಾರೆ. 60 ಇಂಚು ಅಗಲದ ಮಂಚದಲ್ಲಿ ಇಬ್ಬರು ಮಲಗಿದರೆ ತಲಾ ಎರಡೂವರೆ ಅಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಉದ್ದದ ವ್ಯಾಜ್ಯವನ್ನು ಎಂದೋ ಇತ್ಯರ್ಥ ಮಾಡಿದೆ. ಅಗಲದ ವಿಚಾರ ಬಂದಾಗ ಮಾತ್ರ ಗಾದೆಗಳೂ ಸ್ಮೃತಿಗಳೂ ಒಟ್ಟಿಗೇ ಆ ಕಡೆಗೆ ಮಗ್ಗುಲಾಗಿ ಮಲಗಿಬಿಡುತ್ತವೆ. ಈ ಕೊರತೆಯನ್ನು ನೀಗುವ ಮಹದುದ್ದೇಶದಿಂದ ಪ್ರಸ್ತುತ ನಿಬಂಧ ಹೊರಟಿದೆ.

ನಿದರ್ಶನಕ್ಕೆ ಬೆಂಗಳೂರಿನ ಒಂದು ಫ್ಲ್ಯಾಟನ್ನು ಆರಿಸಿಕೊಂಡಿದ್ದೇವೆ. ವಾದಿ ಉಡುಪಿ ಕಡೆಯ ಹೆಣ್ಣುಮಗಳು. ಸೆಕೆಯಲ್ಲಿ ಬೆಳೆದ ಆಕೆಗೆ ಹೊದಿಕೆ ಎಂದರೆ ಒಗೆದು ಒಗೆದು ತೆಳ್ಳಗಾದ ಹತ್ತಿಯ ಬಟ್ಟೆ. ಅದೂ ಸೊಂಟದವರೆಗೆ ಮಾತ್ರ, ಫ್ಯಾನು ಐದರಲ್ಲಿ. ಪ್ರತಿವಾದಿ ಹಾವೇರಿ ಜಿಲ್ಲೆಯವನು. ಅವ್ವ ಕೊಟ್ಟ ಕೌದಿ ಮೈಮೇಲೆ ಭಾರವಾಗಿ ಕೂತರೇ ಅವನಿಗೆ ನಿದ್ದೆ, ಇಲ್ಲದಿದ್ದರೆ ಬೆಳಗಿನವರೆಗೆ ಹೊರಳಾಟ. ಹಾಸಿಗೆಯ ಮೇಲೆ ಎರಡು ಹೊದಿಕೆ ಹರಡಿದರೆ ನೋಡಿದವರು ಏನೆಂದುಕೊಂಡಾರು ಎಂದು ಇಬ್ಬರೂ ಒಂದರಲ್ಲೇ ಸುಧಾರಿಸುತ್ತಿದ್ದರು. ಮಲಗುವ ಕೋಣೆಗೆ ನಡುರಾತ್ರಿ ಬಂದು ನೋಡುವವರು ಯಾರು ಎಂದು ಕೇಳಿದರೆ ಇಬ್ಬರಲ್ಲೂ ಉತ್ತರವಿಲ್ಲ. ಮೂಲ ವ್ಯಾಜ್ಯದ ನಡಾವಳಿ ಹೀಗಿದೆ:

‘ಮಾರಾಯ್ರೆ, ಇದರೊಳಗೆ ಮನುಷ್ಯರು ಮಲಗುವುದುಂಟಾ? ಮೈಯೆಲ್ಲ ಬೆವರು.’

‘ಫ್ಯಾನ್ ಎರಡಕ್ಕ ಇಡು ಅಂದ್ನಿ. ಥಂಡಿಗೆ ಕಾಲು ಮರಗಟ್ಟ್ಯಾವ. ಕೌದಿ ಜಗ್ಗಬ್ಯಾಡ.’

‘ನಾನು ಜಗ್ಗಿದ್ದಲ್ಲ, ದೂಡಿದ್ದು.’

ಜಗ್ಗುವವರು ಹಕ್ಕು ಸಾಧಿಸುತ್ತಾರೆ, ದೂಡುವವರು ಹಕ್ಕು ತೊರೆಯುತ್ತಾರೆ. ಕಾನೂನಿನ ಕಣ್ಣಿಗೆ ಇವೆರಡೂ ಬೇರೆ. ಕೌದಿ ನೆಲಕ್ಕೆ ಬೀಳುವುದು ಮಾತ್ರ ಎರಡರಲ್ಲೂ ಒಂದೇ.

ಬಟ್ಟೆಯ ಜಾತಿಭೇದವೇ ಈ ಜಗಳಕ್ಕೆ ಮೂಲ ಎಂಬುದು ಪೂರ್ವಪಕ್ಷ. ಆಕೆಯದು ಹತ್ತಿಯ ಸಂಪ್ರದಾಯ, ಅವನದು ಕೌದಿಯ ಸಂಪ್ರದಾಯ, ಎರಡೂ ಕೂಡಿಬಾಳುವ ಬಗೆ ಇಲ್ಲ ಎಂದು ಎರಡೂ ಕಡೆಯ ನೆಂಟರ ವಾದ. ನೆಂಟರ ಮಾತು ಪ್ರಮಾಣವಲ್ಲವಾದ್ದರಿಂದ ನಾವು ಅಗ್ನಿಪರೀಕ್ಷೆಗೆ ಮೊರೆಹೋದೆವು. ಹೊದಿಕೆಯ ಅಂಚಿನಿಂದ ಒಂದು ನೂಲು ಕಿತ್ತು ಬೆಂಕಿಕಡ್ಡಿಗೆ ಹಿಡಿಯಬೇಕು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿಯುತ್ತದೆ. ಉಣ್ಣೆಯಾದರೆ ಕೂದಲು ಸೀದ ನಾತ. ಪಾಲಿಯೆಸ್ಟರ್ ಆದರೆ ಕರಗಿ, ಉಗುರಿಗೆ ಸಿಗುವಂಥ ಗಟ್ಟಿ ಕಪ್ಪು ಮಣಿ. ವಾದಿಯ ನೂಲು ಬೂದಿಯಾಯಿತು. ಪ್ರತಿವಾದಿಯ ನೂಲೂ ಬೂದಿಯೇ ಆಯಿತು. ಇಷ್ಟು ದಿನ ಇಬ್ಬರೂ ಹತ್ತಿಯ ಪರವಾಗಿಯೇ ಹತ್ತಿಯ ವಿರುದ್ಧ ಹೊಡೆದಾಡುತ್ತಿದ್ದರು!

ಅಚ್ಚರಿಯೇನಿಲ್ಲ. ಕೌದಿ ಆಗುವುದೇ ಹಳೆಯ ಹತ್ತಿ ಸೀರೆ, ಧೋತರಗಳಿಂದ. ಸೀರೆಗಳನ್ನು ಒಂದರ ಮೇಲೊಂದು ಹರಡಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಅಂಚಿನಿಂದ ಶುರುಮಾಡಿ ಸುತ್ತುಸುತ್ತಾಗಿ ಒಳಕ್ಕೆ ಹೊಲಿಯುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರು ನಾಲ್ಕೂ ಮೂಲೆಗೆ ‘ಫುಲ’ ಎಂಬ ಮುಮ್ಮೂಲೆಯ ತುಂಡುಗಳನ್ನು ಮಡಿಸಿ ಇಡುತ್ತಾರೆ, ಅದಿಲ್ಲದ ಕೌದಿ ಬತ್ತಲೆ ಎಂದೇ ಅವರ ಎಣಿಕೆ. ಪ್ರತಿವಾದಿಯ ಕೌದಿಯಲ್ಲಿ ಅವ್ವನ ಒಂದು ಇಳಕಲ್ ಸೀರೆಯ ಕೆಂಪು ಅಂಚು ಇನ್ನೂ ಕಾಣುತ್ತದೆ. ಅವನು ಹಿಡಿದು ಎಳೆಯುವುದು ಆ ಅಂಚನ್ನೇ ಎಂಬುದು ವಾದಿಯ ಲಿಖಿತ ಆಕ್ಷೇಪ. ಅತ್ತೆಯವರನ್ನು ದಾವೆಯಲ್ಲಿ ಕಕ್ಷಿದಾರರಾಗಿ ಸೇರಿಸಿಕೊಳ್ಳಬೇಕೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಜೀವದ ಆಸೆಯುಳ್ಳ ಯಾವ ಸಂಶೋಧಕನೂ ಅದನ್ನು ಮುಂದುವರಿಸಲಾರ.

ನೂಲು ಒಂದೇ ಆದರೆ ಬಿಸಿ ಬೇರೆಯಾದದ್ದು ಹೇಗೆ? ಮೈಯ ಶಾಖವನ್ನು ಹಿಡಿದಿಡುವುದು ನೂಲಿಗಿಂತ ಹೆಚ್ಚಾಗಿ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ. ಒಂದು ತೆಳು ಬಟ್ಟೆಯಲ್ಲಿ ಅದು ನಿಲ್ಲುವುದಿಲ್ಲ, ಅವ್ವನ ಐದಾರು ಸೀರೆಗಳ ನಡುವೆ ಸಂಸಾರ ಹೂಡುತ್ತದೆ. 1941ರಲ್ಲಿ ಗ್ಯಾಗಿ, ಬರ್ಟನ್, ಬ್ಯಾಜೆಟ್ ಎಂಬ ಮೂವರು ವಿಜ್ಞಾನಿಗಳು ಇದನ್ನು ಅಳೆಯಲು ‘ಕ್ಲೋ’ ಎಂಬ ಮಾನವನ್ನು ಜಾರಿಗೆ ತಂದರು. ಸುಮಾರು 21 ಡಿಗ್ರಿ ಸೆಲ್ಸಿಯಸ್ ಇರುವ ಕೋಣೆಯಲ್ಲಿ ಸುಮ್ಮನೆ ಕೂತ ಮನುಷ್ಯನಿಗೆ ಹಿತವೆನಿಸುವಷ್ಟು ಉಡುಪು ಒಂದು ಕ್ಲೋ. ಆ ಕೋಣೆಯಲ್ಲಿ ಅವನೊಬ್ಬನೇ ಇದ್ದಾನೆ, ಮತ್ತು ಸುಮ್ಮನೆ ಕೂತಿದ್ದಾನೆ ಎಂಬುದನ್ನು ಓದುಗರು ಗಮನಿಸಬೇಕು. ಫ್ಯಾನಿನ ರೆಗ್ಯುಲೇಟರಿಗೆ ಇನ್ನೊಂದು ಕೈ ಚಾಚಿದಾಗ ಕ್ಲೋ ಎಷ್ಟಾಗುತ್ತದೆ ಎಂದು ಮೂವರಲ್ಲಿ ಒಬ್ಬರೂ ಹೇಳಿಲ್ಲ. ದಾಂಪತ್ಯಶಾಸ್ತ್ರದ ದೃಷ್ಟಿಯಿಂದ ಇದು ಅಕ್ಷಮ್ಯ ಲೋಪ.

ನಡುವೆ ರಾಜಿ ಮಾಡಿಸಲು ಮೂರನೆಯ ಕಕ್ಷಿಯೊಂದು ಪ್ರವೇಶಿಸಿತು. ಮದುವೆಗೆ ಉಡುಗೊರೆಯಾಗಿ ಬಂದು, ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಅಟ್ಟ ಸೇರಿದ್ದ, ಮೈತುಂಬ ಗುಲಾಬಿಯ ಮಿಂಕ್ ಬ್ಲಾಂಕೆಟ್. ಇದರಲ್ಲಿ ಮಿಂಕ್ ಎಂಬ ಪ್ರಾಣಿಯ ಒಂದು ರೋಮವೂ ಇರುವುದಿಲ್ಲ, ಎಲ್ಲ ಪಾಲಿಯೆಸ್ಟರ್. ಸಾಮಾನ್ಯ ಹವೆಯಲ್ಲಿ ಉಣ್ಣೆ ತನ್ನ ತೂಕದ ಶೇ. 16ರಷ್ಟು ತೇವವನ್ನು ಹೀರಿಟ್ಟುಕೊಳ್ಳುತ್ತದೆ, ಹತ್ತಿ ಶೇ. 8ರಷ್ಟು. ಪಾಲಿಯೆಸ್ಟರಿಗೆ ಶೇಕಡ ಅರ್ಧವೂ ಇಲ್ಲ. ಹಾಗಾಗಿ ಬೆವರು ಎಲ್ಲಿ ಹುಟ್ಟಿತೋ ಅಲ್ಲೇ ಉಳಿಯುತ್ತದೆ. ವಾದಿ ಪ್ರತಿವಾದಿಗಳು ಮೊದಲ ಬಾರಿಗೆ ಒಮ್ಮತಕ್ಕೆ ಬಂದದ್ದು ಆ ರಾತ್ರಿಯೇ. ಬ್ಲಾಂಕೆಟ್ ಮತ್ತೆ ಅಟ್ಟ ಹತ್ತಿತು, ಮುಂದಿನ ಯಾರದೋ ಮದುವೆಗೆ ಅದು ಉಡುಗೊರೆಯಾಗಿ ಹೋಗುವುದೂ ಖಂಡಿತ. ಅಂಗಡಿಯಲ್ಲಿ ಥ್ರೆಡ್ ಕೌಂಟ್ 1000 ಎಂದು ಹೇಳಿ ಕೊಟ್ಟ ಸಾಟಿನ್ ಶೀಟಿನ ಕಥೆಯೂ ಇದೇ. ಒಂದು ಚದರ ಇಂಚಿನಲ್ಲಿರುವ ಹಾಸು ನೂಲು, ಹೊಕ್ಕು ನೂಲುಗಳ ಒಟ್ಟು ಲೆಕ್ಕವೇ ಥ್ರೆಡ್ ಕೌಂಟ್. ನಾಲ್ಕು ಎಳೆ ಹುರಿಮಾಡಿದ ಒಂದು ನೂಲನ್ನು ನಾಲ್ಕೆಂದು ಎಣಿಸಿದರೆ 250 ಎಂಬುದು ಕೂತಲ್ಲೇ 1000 ಆಗುತ್ತದೆ. ಜನಗಣತಿಯವರಿಗೆ ಈ ವಿದ್ಯೆ ತಿಳಿಯದಿರಲಿ.

ಈಗ ಸ್ವಾಧೀನದ ವಿಚಾರ. ರಾತ್ರಿ ಹನ್ನೊಂದಕ್ಕೆ ಸಮಪಾಲಿನಲ್ಲಿದ್ದ ಕೌದಿ ನಾಲ್ಕರ ಹೊತ್ತಿಗೆ ಪೂರ್ತಿ ಪ್ರತಿವಾದಿಯ ಮೈಕೆಳಗೆ ಸುರುಳಿಯಾಗಿರುತ್ತದೆ. ‘ಅನುಭವಿಸಿಕೊಂಡು ಬಂದಿದ್ದೇನೆ, ನನ್ನದೇ’ ಎಂದು ಅವನು ವಾದಿಸಬಹುದು. ಆದರೆ ಪ್ರತಿಕೂಲ ಸ್ವಾಧೀನಕ್ಕೆ 12 ವರ್ಷ ಅಡೆತಡೆಯಿಲ್ಲದೆ, ಬಹಿರಂಗವಾಗಿ, ಎದುರಾಳಿಯ ಅರಿವಿಗೆ ಬರುವಂತೆ ವಶದಲ್ಲಿಟ್ಟುಕೊಂಡಿರಬೇಕು. ಇಲ್ಲಿ ಎದುರಾಳಿ ನಿದ್ದೆಯಲ್ಲಿದ್ದಾಳೆ, ಸ್ವಾಧೀನದಾರನೂ ನಿದ್ದೆಯಲ್ಲಿದ್ದಾನೆ. ಎಚ್ಚರವಿರುವುದು ಫ್ಯಾನೊಂದೇ. ಅದು ಸಾಕ್ಷಿ ಹೇಳುವುದಿಲ್ಲ.

ಉಳಿದದ್ದು ಆಪಸ್ತಂಬನ ತಡೆ. ಅದನ್ನು ಸರಿಸಲು ನಮ್ಮವರೇ ಒಬ್ಬರು ಬೇಕಾಯಿತು: ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ ಕೂತು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ. ಗಂಡ ಹೆಂಡಿರಿಗೆ ಪಾಲಿಲ್ಲ ಎಂಬ ಮಾತು ಇಬ್ಬರೂ ಕೂಡಿ ಮಾಡುವ ಕರ್ಮಗಳಿಗೂ ಅವುಗಳ ಫಲಕ್ಕೂ ಸೇರಿದ್ದು, ದ್ರವ್ಯಕ್ಕಲ್ಲ ಎಂದು ಅವನು ಬಿಡಿಸಿ ಹೇಳಿದ್ದಾನೆ. ಹಾಗಾದರೆ ನಿದ್ದೆ ಕರ್ಮವೋ ದ್ರವ್ಯವೋ? ಕರ್ಮವೆನ್ನಲು ಕರ್ತೃ ಬೇಕು, ನಿದ್ದೆಯಲ್ಲಿ ಕರ್ತೃವೇ ಇಲ್ಲ. ಕೂಡಿ ಮಾಡಿದ್ದರ ಫಲ ಇಬ್ಬರಿಗೂ ಸೇರಬೇಕು, ಆದರೆ ಪ್ರತಿವಾದಿಯ ಗೊರಕೆಯ ಫಲ ವಾದಿಯೊಬ್ಬಳಿಗೇ. ಆದ್ದರಿಂದ ನಿದ್ದೆ ಕರ್ಮವಲ್ಲ. ಹೊದಿಕೆಯಂತೂ ಕೈಗೆ ಸಿಗುವ ದ್ರವ್ಯ. ವಿಭಾಗಕ್ಕೆ ದಾರಿ ತೆರೆಯಿತು.

ತೆರೆದ ಮೇಲೆ ನೋಡಿದರೆ ವಿಭಾಗದ ಅಗತ್ಯವೇ ಇಲ್ಲ. ಅವರವರು ಉಟ್ಟು ಬಳಸಿದ ಬಟ್ಟೆ ಅವರವರದೇ, ಅದು ಪಾಲಿಗೆ ಬರುವ ಆಸ್ತಿಯಲ್ಲ ಎಂದು ಅದೇ ಗ್ರಂಥದಲ್ಲಿದೆ. ಆಕೆ ತನ್ನ ಸಂಬಳದಲ್ಲಿ ಕೊಂಡ ಬೆಡ್‌ಶೀಟು ಸ್ತ್ರೀಧನ. ಸ್ತ್ರೀಧನದ ವ್ಯಾಪ್ತಿಯನ್ನು ಉದಾರವಾಗಿ ಹಿಗ್ಗಿಸಿದವನೂ ವಿಜ್ಞಾನೇಶ್ವರನೇ. ಕೌದಿ ಅವ್ವನಿಂದ ಬಂದದ್ದು, ಅವನಿಗೇ. ಹಾಸಿಗೆಯ ಮಾತೂ ಮಿತಾಕ್ಷರೆಯಲ್ಲಿ ಬರುತ್ತದೆ. ತಂದೆಯ ಹಾಸಿಗೆಯನ್ನು ಮಕ್ಕಳು ಹಂಚಿಕೊಳ್ಳದೆ, ಗಂಧಮಾಲೆಗಳಿಂದ ಪೂಜಿಸಿ, ಅವನ ಶ್ರಾದ್ಧದಲ್ಲಿ ಉಂಡವನಿಗೆ ಕೊಡಬೇಕಂತೆ. ಹಾಸಿಗೆಯ ಜಗಳ ಪೂರ್ತಿ ತೀರುವುದು ಯಾವಾಗ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸೂಚನೆ ಬೇಕಿಲ್ಲ.

ಶಿಷ್ಟಾಚಾರವೂ ಇದಕ್ಕೇ ಅನುಕೂಲವಾಗಿದೆ. ಜರ್ಮನಿಯಲ್ಲೂ ಡೆನ್ಮಾರ್ಕ್, ಸ್ವೀಡನ್‌ಗಳಲ್ಲೂ ಒಂದೇ ಮಂಚದ ಮೇಲೆ ದಂಪತಿ ತಲಾ ಒಂದು ದಪ್ಪ ಹೊದಿಕೆ ಹೊದ್ದು ಮಲಗುತ್ತಾರೆ, ಅದರಿಂದ ಯಾರ ಮಾನವೂ ಹೋಗಿಲ್ಲ. ಅಷ್ಟು ದೂರವೇಕೆ? ನಮ್ಮ ರೈಲಿನ ಎ.ಸಿ. ಬೋಗಿಯಲ್ಲಿ ಗಂಡ ಹೆಂಡತಿ ಒಂದೇ ಟಿಕೆಟ್ಟಿನಲ್ಲಿ ಹೋದರೂ ತಲೆಗೆ ಎರಡು ಬೆಡ್‌ಶೀಟು, ಒಂದು ಕಂಬಳಿ. ‘ನೀವಿಬ್ಬರೂ ಅನ್ಯೋನ್ಯವಾಗಿದ್ದೀರಾ?’ ಎಂದು ಅಟೆಂಡರ್ ಕೇಳುವುದಿಲ್ಲ.

ತೀರ್ಪು: ಕೆಳಗಿನ ಹಾಸು ಜಂಟಿ, ಅದು ಹತ್ತಿಯದೇ ಆಗಿರತಕ್ಕದ್ದು. ಮೇಲಿನ ಹೊದಿಕೆ ಅವರವರದು. ಫ್ಯಾನು ಮೂರಕ್ಕೆ. ಬೆಳಿಗ್ಗೆ ಕೌದಿ ಮಡಿಸುವವನು ಕೌದಿಯ ಒಡೆಯ. ಅದನ್ನು ಒಗೆಯುವವನೂ ಅವನೇ, ಏಕೆಂದರೆ ನೆನೆದ ಕೌದಿಯನ್ನು ವಾಷಿಂಗ್ ಮಷೀನಿನಿಂದ ಎತ್ತುವುದು ತನ್ನಿಂದಾಗುವ ಕೆಲಸವಲ್ಲ ಎಂದು ವಾದಿ ಮೊದಲೇ ತಕರಾರು ದಾಖಲಿಸಿದ್ದಾಳೆ.

ವಿಭಾಗವಾದ ಎರಡು ವರ್ಷಕ್ಕೆ ದಂಪತಿಗೆ ಮಗಳು ಹುಟ್ಟಿದಳು. ಹುಟ್ಟಿನಿಂದಲೇ ಹಕ್ಕು ಬರುತ್ತದೆ ಎಂಬುದು ಮಿತಾಕ್ಷರೆಯ ಬೆನ್ನೆಲುಬು, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಆ ಹಕ್ಕು ಹೆಣ್ಣುಮಕ್ಕಳಿಗೂ ಸಮನಾಗಿ ಸಿಕ್ಕಿದೆ. ಪಾಲಾದ ಮೇಲೆ ಹುಟ್ಟಿದ ಮಗುವಿಗೆ ತಂದೆತಾಯಿಯ ಪಾಲೇ ಪಾಲು ಎಂದೂ ಮಿತಾಕ್ಷರೆಯಲ್ಲಿ ಬರೆದಿದೆ. ಆಕೆ ಈಗ ಅಪ್ಪನ ಕೌದಿಯ ಮೇಲೆ ತಲೆ, ಅಮ್ಮನ ಬೆಡ್‌ಶೀಟಿನ ಮೇಲೆ ಕಾಲು ಇಟ್ಟು ಮಂಚಕ್ಕೆ ಅಡ್ಡಲಾಗಿ ಮಲಗುತ್ತಾಳೆ. ತಾನು ಮಾತ್ರ ಏನನ್ನೂ ಹೊದೆಯುವುದಿಲ್ಲ, ಹೊದಿಸಿದ್ದನ್ನು ಒದೆಯುತ್ತಾಳೆ. ವಾದಿ ಪ್ರತಿವಾದಿಗಳು ಇಬ್ಬರೂ ಮಂಚದ ಎರಡು ಅಂಚಿನಲ್ಲಿ ತಲಾ ಒಂದಡಿ ಜಾಗದಲ್ಲಿ ಮೇಲ್ಮನವಿ ಸಿದ್ಧಪಡಿಸುತ್ತಿದ್ದಾರೆಂದು ವರದಿ.