ಮುಕೇಶನಿಗೆ ಕನ್ನಡ ಕಲಿಸುವ ರಾಯರು

ಮೈಸೂರಿನ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಬ್ಯಾಂಕಿನಿಂದಲೋ ಎಲ್‌ಐಸಿಯಿಂದಲೋ ನಿವೃತ್ತರು. ಪಿಂಚಣಿ ಬರುತ್ತದೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ, ಮಗ ಬೆಂಗಳೂರಿನಲ್ಲಿದ್ದಾನೆ. ಕಂಕುಳಲ್ಲಿ ಯಾವುದೋ ಸೊಸೈಟಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ. ಅದರ ತುಂಬ ಹಳೇ ಹಿಂದಿ ಚಿತ್ರಗೀತೆಗಳ ಕನ್ನಡ ಅನುವಾದ. ಬರೆದದ್ದು ಓದುವುದಕ್ಕಲ್ಲ, ಅದೇ ಧಾಟಿಯಲ್ಲಿ ಹಾಡುವುದಕ್ಕೆ. ಹೆಸರು ಬೇಡ, ರಾಯರು ಎಂದರೆ ಸಾಕು.

ನಂದಿನಿ ಹಾಲು ತರುವುದು, ಮೋಟರ್ ಹಾಕುವುದು, ಬಟ್ಟೆ ಒಣಹಾಕುವುದು, ಇಸ್ತ್ರಿಯವನಿಗೆ ಎಣಿಸಿ ಕೊಡುವುದು: ಇವು ನಿವೃತ್ತಿಯ ಮಾರನೆಯ ದಿನವೇ ಮನೆಯವರು ಹಂಚಿದ ಖಾತೆಗಳು. ರಾಯರು ಯಾವುದಕ್ಕೂ ಆಗಲ್ಲ ಎನ್ನುವವರಲ್ಲ. ಯಾವುದನ್ನೂ ಮುಗಿಸುವವರೂ ಅಲ್ಲ. ನಡುವೆ ಪಲ್ಲವಿ ಅಡ್ಡ ಬರುತ್ತದೆ. ಮೋಟರ್ ಹಾಕಿ ಡೈರಿ ತೆರೆದರೆಂದರೆ ಟ್ಯಾಂಕು ತುಂಬಿ, ಉಕ್ಕಿ, ಪಕ್ಕದ ಮನೆಯ ಸ್ಕೂಟರಿನ ಸೀಟು ತೊಳೆದುಹೋಗಿರುತ್ತದೆ. "ರೀ, ಮೋಟರ್!" ಎಂದು ಅಡುಗೆಮನೆಯಿಂದ ಕೂಗು ಬಂದಾಗ ರಾಯರದು ಸಿದ್ಧ ಉತ್ತರ: "ಇನ್ನೊಂದೇ ಚರಣ ಕಣೇ!"

ಅವರೆಕಾಯಿಯ ಕಾಲದಲ್ಲಿ ಇವರನ್ನು ನೋಡಬೇಕು. ರಾತ್ರಿ ನೆನೆಹಾಕಿದ ಕಾಳನ್ನು ಬೆಳಿಗ್ಗೆ ಇಬ್ಬರೂ ಎದುರುಬದುರು ಕೂತು ಹಿಸುಕುತ್ತಾರೆ. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಬೇಳೆ ಸಿಪ್ಪೆ ಬಿಟ್ಟು ಜಾರಿ ಪಾತ್ರೆಗೆ ಬೀಳಬೇಕು. ಮನೆಯವರದ್ದು ಹಾಗೇ ಬೀಳುತ್ತದೆ. ರಾಯರು ಹಿಸುಕುವುದು ದಾದರಾ ತಾಳದಲ್ಲಿ. ಆರು ಮಾತ್ರೆಗೊಂದು ಕಾಳು. ಸಮ್ ಬಂದಾಗ ಉತ್ಸಾಹ ಹೆಚ್ಚಿ ಬೇಳೆ ಟಿವಿ ಸ್ಟ್ಯಾಂಡಿನ ಕೆಳಗೆ ಸೇರುತ್ತದೆ. ಹಿತಕಿದ ಬೇಳೆ ಸಾರು ಆ ಮನೆಯಲ್ಲಿ ಯಾವಾಗಲೂ ಸ್ವಲ್ಪ ತೆಳುವೇ.

ಅಂಥದೊಂದು ಬೆಳಿಗ್ಗೆ ರಾಯರಿಗೆ 'ದಿಲ್' ಅಡ್ಡ ಬಂತು. ದಿಲ್ ಇಲ್ಲದ ಹಿಂದಿ ಹಾಡನ್ನು ಹುಡುಕಿಯೇ ತೆಗೆಯಬೇಕು. ಅದು ಒಂದೇ ಹೊಡೆತಕ್ಕೆ ಮುಗಿಯುತ್ತದೆ. 'ಹೃದಯ' ಎಂದು ಮೂರಕ್ಷರ ಮುಗಿಸುವಷ್ಟರಲ್ಲಿ ತಬಲಾದವನು ಮುಂದೆ ಹೋಗಿಬಿಟ್ಟಿರುತ್ತಾನೆ.

"ಎದೆ ಅನ್ನಿ," ಎಂದರು ಮನೆಯವರು, ಕೈ ನಿಲ್ಲಿಸದೆ.

"ಎದೆ ಅಂದ್ರೆ ಇಸಿಜಿ ನೆನಪಾಗತ್ತೆ. ಮುಕೇಶ್ ಬಾಯಲ್ಲಿ ಅದು ಬರಬಾರದು."

"ಮುಕೇಶ್ ಹೋಗಿದ್ದೇ ಹಾರ್ಟ್ ಅಟ್ಯಾಕಲ್ಲಿ ಅಂತ ನೀವೇ ಹೇಳಿದ್ರಲ್ಲ?"

ನಿಜವೇ. ಕಾರ್ಯಕ್ರಮ ಕೊಡಲು ಅಮೆರಿಕಕ್ಕೆ ಹೋಗಿದ್ದ ಮುಕೇಶ್ 1976ರ ಆಗಸ್ಟಿನಲ್ಲಿ ಡೆಟ್ರಾಯಿಟ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ರಾಯರು ಉತ್ತರ ಕೊಡದೆ ಟಿವಿ ಸ್ಟ್ಯಾಂಡಿನ ಕೆಳಗೆ ಬಗ್ಗಿದರು.

'ಹೈ'ಯದು ಇನ್ನೊಂದು ತಂಟೆ. ಹಿಂದಿಯ ಸಾಲು ಅದರ ಮೇಲೆ ಬಂದು ಕೂರುತ್ತದೆ, ಗಾಯಕ ಬೇಕಾದಷ್ಟು ಎಳೆದುಕೊಳ್ಳುತ್ತಾನೆ. ಕನ್ನಡದ ವಾಕ್ಯಕ್ಕೆ ಆ ಬಾಲ ಬೇಕಿಲ್ಲ, ಆದರೆ ಧಾಟಿ ಖಾಲಿ ಉಳಿಯುತ್ತದಲ್ಲ. ರಾಯರು ಅಲ್ಲಿಗೆಲ್ಲ 'ಹೇ' ತುಂಬಿದರು. ಅವರ ವಿರಹಗೀತೆ ಕೇಳಿದವರಿಗೆ ನಾಯಕ ಆಟೋ ಕರೆಯುತ್ತಿದ್ದಾನೆ ಅನ್ನಿಸಿದರೆ ತಪ್ಪು ಅವರದಲ್ಲ.

ಇದೆಲ್ಲ ಯಾಕೆ ರಾಯರೇ ಎಂದು ಕೇಳಿದವರು ಕೆಟ್ಟರು. ಇಂಗ್ಲಿಷ್ ಪ್ರೊಫೆಸರಾಗಿದ್ದ ಬಿಎಂಶ್ರೀ 1926ರಲ್ಲಿ 'ಇಂಗ್ಲಿಷ್ ಗೀತಗಳು' ತಂದು ಕನ್ನಡ ಕಾವ್ಯದ ದಾರಿಯನ್ನೇ ತಿರುಗಿಸಲಿಲ್ಲವೇ, ಪಿ. ಬಿ. ಶ್ರೀನಿವಾಸ್ ಎಂಟು ಭಾಷೆಗಳಲ್ಲಿ ಪದ್ಯ ಬರೆಯುತ್ತಿರಲಿಲ್ಲವೇ ಎಂದು ಗೇಟಿನಲ್ಲೇ ಹಿಡಿದು ನಿಲ್ಲಿಸುತ್ತಾರೆ. ಅಲ್ಲಿಂದ ರೇಡಿಯೊ ಪುರಾಣ. ಮಂತ್ರಿ ಬಿ. ವಿ. ಕೇಸ್ಕರ್ ಕಾಲದಲ್ಲಿ ಆಕಾಶವಾಣಿ ಸಿನಿಮಾ ಹಾಡಿಗೆ ಬಾಗಿಲು ಹಾಕಿದ್ದು, ಜನ ಸಿಲೋನಿಗೆ ಮುಳ್ಳು ತಿರುಗಿಸಿದ್ದು, 1952ರಲ್ಲಿ ಅಲ್ಲಿ ಬಿನಾಕಾ ಗೀತಮಾಲಾ ಶುರುವಾದದ್ದು, ದೆಹಲಿಯವರಿಗೆ ಬುದ್ಧಿ ಬಂದು 1957ರಲ್ಲಿ ವಿವಿಧ ಭಾರತಿ ಹುಟ್ಟಿದ್ದು. ಬುಧವಾರ ರಾತ್ರಿ ಎಂಟಕ್ಕೆ ಅಮೀನ್ ಸಯಾನಿಯ ದನಿ ಬಂದರೆ ರಾಯರ ತಂದೆ ಸಂಧ್ಯಾವಂದನೆಯನ್ನೂ ಬೇಗ ಮುಗಿಸುತ್ತಿದ್ದರಂತೆ. ಪೋಸ್ಟಾಫೀಸಿನಲ್ಲಿ ದುಡ್ಡು ಕಟ್ಟಿ ಲೈಸೆನ್ಸ್ ಮಾಡಿಸಿದ ರೇಡಿಯೊ. ಮನೆಯಲ್ಲಿ ಯಾರಿಗೂ ಹಿಂದಿ ಬರುತ್ತಿರಲಿಲ್ಲ. ಅದರಿಂದ ಯಾರಿಗೂ ಏನೂ ಕಡಿಮೆಯಾಗಿರಲಿಲ್ಲ.

ತಾಪತ್ರಯ ಶುರುವಾದದ್ದು ರಾಯರು ನಿಘಂಟು ಕೊಂಡ ಮೇಲೆ. ಸ್ನೇಹಿತನ ಮದುವೆಯ ಆರತಕ್ಷತೆಯಲ್ಲಿ ತಾವು ಕಣ್ಣು ಮುಚ್ಚಿ ಹಾಡಿದ್ದು, ನಾಯಕಿ ಬೇರೆಯವನನ್ನು ಮದುವೆಯಾದ ದುಃಖದ ಹಾಡೆಂದು ಅವರಿಗೆ ಗೊತ್ತಾಯಿತು. ಆ ಸ್ನೇಹಿತ ಇವತ್ತಿಗೂ ಅದನ್ನು ಹೊಗಳುತ್ತಾನೆ. ಅವನಿಗೂ ಹಿಂದಿ ಬರುವುದಿಲ್ಲ.

ಸಂಜೆಯ ಹೊತ್ತು ಹೊಸ ಮನರಂಜನೆಗೆ ಮೀಸಲು. ಮಗ ಹಾಕಿಸಿಕೊಟ್ಟ ಓಟಿಟಿಯಲ್ಲಿ ಏನು ನೋಡಬೇಕೆಂದು ರಿಮೋಟ್ ಒತ್ತುತ್ತ ಒತ್ತುತ್ತ ಊಟದ ಹೊತ್ತಾಗುತ್ತದೆ. "1987ರಲ್ಲಿ ರಾಮಾಯಣ ಬಂದಾಗ ಭಾನುವಾರ ಬೆಳಿಗ್ಗೆ ಬೀದೀಲಿ ನರಪಿಳ್ಳೆ ಇರ್ತಿರಲಿಲ್ಲ. ಒಂದೇ ಚಾನೆಲ್ಲು, ಎಲ್ಲರೂ ಕಣ್ಣು ಮಿಟುಕಿಸದೆ ನೋಡ್ತಿದ್ವಿ," ಎಂದು ನಿಟ್ಟುಸಿರಿಡುತ್ತಾರೆ. "ನೀವು ಆಗಲೂ ಕುರ್ಚೀಲೇ ಗೊರಕೆ ಹೊಡೀತಿದ್ರಿ," ಎಂದು ಮನೆಯವರು ರಿಮೋಟ್ ಕಿತ್ತುಕೊಂಡು ಧಾರಾವಾಹಿ ಹಾಕುತ್ತಾರೆ.

ಡಿಸೆಂಬರ್ ರಜೆಗೆ ಮೊಮ್ಮಗಳು ಬಂದಳು. ಕಿವಿಯಲ್ಲಿ ಇಯರ್‌ಫೋನು, ಬಾಯಲ್ಲಿ ಬಿಟಿಎಸ್ ಹುಡುಗರ ಕೊರಿಯನ್ ಹಾಡು. ಒಂದು ಉಚ್ಚಾರಣೆಯೂ ಎಡವುವುದಿಲ್ಲ.

"ಅರ್ಥ ಗೊತ್ತೇನಮ್ಮಾ ಪುಟ್ಟೀ?"

"ಇಲ್ಲ ತಾತ."

"ಮತ್ತೆ ಹೇಗೆ ಹಾಡ್ತೀಯಾ?"

"ಚೆನ್ನಾಗಿದೆಯಲ್ಲ, ಅದಕ್ಕೆ."

ರಾಯರ ತಂದೆ ಇದ್ದಿದ್ದರೆ ಹುಡುಗಿಯ ಬೆನ್ನು ತಟ್ಟುತ್ತಿದ್ದರು. ರಾಯರು ಡೈರಿ ತಂದರು. ಫೋನಿನಲ್ಲಿ ಇಂಗ್ಲಿಷಿನಲ್ಲಿ ಬರುವ ಅರ್ಥವನ್ನು ಅವಳು ಓದಿ ಹೇಳಬೇಕು, ತಾತ ಅದನ್ನು ಕನ್ನಡಕ್ಕಿಳಿಸಬೇಕು. ಪಾಪ, ಪಲ್ಲವಿ ಮುಗಿಯುವವರೆಗೂ ಅವಳು ಸಹಿಸಿಕೊಂಡಳು. ಕೊರಿಯಾದ ಆ ಏಳು ಹುಡುಗರು 'ಓ ಪ್ರಾಣಸಖಿಯೇ, ಹೇ' ಎಂದದ್ದೇ ತಡ, "ಅಜ್ಜೀ, ಮೋಟರ್ ಹಾಕಿದೆ ಅನ್ಸತ್ತೆ" ಎಂದು ಎದ್ದು ಓಡಿದಳು. ಹಾಕಿಯೂ ಇತ್ತು.

ನನ್ನನ್ನು ಕೇಳಿದರೆ ಆ ಮನೆಯಲ್ಲಿ ಹಾಡು ಕೇಳುವುದು ಗೊತ್ತಿರುವುದು ಮೊಮ್ಮಗಳಿಗೆ ಮಾತ್ರ. ರಾಯರ ಮುಂದೆ ಇದನ್ನು ಹೇಳುವ ಧೈರ್ಯ ನನಗಿಲ್ಲ, ಹೇಳಿದರೆ ಬಿಎಂಶ್ರೀಯಿಂದ ಮತ್ತೆ ಶುರುವಾಗುತ್ತದೆ.

ಬರುವ ಭಾನುವಾರ ಸಂಜೆ ಬಡಾವಣೆಯ ಹಿರಿಯ ನಾಗರಿಕರ ಸಂಘದಲ್ಲಿ ರಾಯರ ಕರೋಕೆ ಕಾರ್ಯಕ್ರಮವಿದೆ. ಪ್ರವೇಶ ಉಚಿತ. ಮಧ್ಯಂತರದಲ್ಲಿ ಉಪ್ಪಿಟ್ಟು, ಕಾಫಿ ಕೊಡುತ್ತಾರೆ. ಬರುವವರು ಬಾಗಿಲ ಪಕ್ಕದ ಕುರ್ಚಿ ಹಿಡಿಯಿರಿ, ಕಾಫಿ ಕುಡಿಯದೆ ಏಳಬೇಡಿ.