ಆಕಾಶದ್ದೇನೂ ತಪ್ಪಿಲ್ಲ

ಟಿವಿ ಕೆಟ್ಟರೆ ಆಕಾಶದ ಮೇಲೆ ಹಾಕಿ ಕೈ ತೊಳೆದುಕೊಳ್ಳುವ ಭಾಗ್ಯ ನಮ್ಮ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯವರಿಗಿಲ್ಲ. ಮಲೆನಾಡಿನವರಾದರೆ ಮುಂಗಾರು ಪೂರ್ತಿ "ಮೋಡ ಸ್ವಾಮಿ, ಏನ್ಮಾಡೋದು" ಅಂದುಕೊಂಡು ಕಾಫಿ ಹೀರುತ್ತಾ ಕೂರಬಹುದು. ನಮ್ಮಲ್ಲಿಗೆ ಮೋಡ ಬಂದರೂ ಬೇರೆ ಊರಿಗೆ ಹೊರಟಿದ್ದು ದಾರಿ ಮೇಲೆ ಹಾಯ್ದು ಹೋಗಿರುತ್ತದೆ, ಅಷ್ಟೆ. ಇಂಥ ತೊಳೆದಿಟ್ಟ ಆಕಾಶದ ಕೆಳಗೆ ಕೂತು ‘ನೋ ಸಿಗ್ನಲ್’ ನೋಡುವುದಕ್ಕೆ ನಿಜಕ್ಕೂ ಪ್ರತಿಭೆ ಬೇಕು.

ಆ ಪ್ರತಿಭೆ ನನ್ನ ಭಾಮೈದನಿಗಿದೆ. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವ ಮನೆ. ಸೀರೆಯ ಅಂಚು, ಸೆರಗಿನ ಡಿಸೈನು ಬರೆಯಲು ಅಂತ ಕಂಪ್ಯೂಟರ್ ತಂದ. ತಂದ ಮೇಲೆ ಅದು ಬರೀ ನವಿಲು, ಹಂಸ ಬರೆದುಕೊಂಡು ಕೂತರೆ ದುಡ್ಡು ದಂಡ ಅನ್ನಿಸಿ, ಡಬ್ಬದೊಳಗೆ ಒಂದು ಸ್ಯಾಟಲೈಟ್ ಟ್ಯೂನರ್ ಕಾರ್ಡ್ ಕೂರಿಸಿ, ಮಾಳಿಗೆ ಮೇಲಿನ ಡಿಶ್ಶಿನ ವಯರನ್ನು ನೇರ ಅದಕ್ಕೇ ಚುಚ್ಚಿದ. ನೋಡುವುದು ದೂರದರ್ಶನದವರ ಫ್ರೀ ಡಿಶ್. 2004ರ ಡಿಸೆಂಬರಿನಲ್ಲಿ ಶುರುವಾದ ಈ ಸೇವೆ ಇವತ್ತಿಗೂ ತಿಂಗಳ ಬಾಡಿಗೆ ಕೇಳುವುದಿಲ್ಲ. ಪುಕ್ಕಟೆ ಚಂದನ, ಪುಕ್ಕಟೆ ಹಳೇ ಸಿನಿಮಾ. ಕಂಪನಿಗಳ ಚಾನಲ್ಲುಗಳೂ ಕಂಪ್ಯೂಟರಿನ ಪಟ್ಟಿಯಲ್ಲಿ ಕಾಣಿಸುತ್ತವೆಯಲ್ಲ ಭಾವ ಅಂತ ಒಮ್ಮೆ ಆಸೆಯಿಂದ ಕೇಳಿದ್ದ. ಕಾಣಿಸುತ್ತವೆ, ಹೆಸರಿನ ಪಕ್ಕದಲ್ಲಿ ಬೀಗದ ಚಿತ್ರವೂ ಕಾಣಿಸುತ್ತದೆ, ಅದನ್ನು ನೋಡಿ ಸುಮ್ಮನಿರು ಅಂದೆ.

ಸಿಗ್ನಲ್ ಹೋದ ದಿನ ಇವನ ಮೊದಲ ಅನುಮಾನ ಬಿದ್ದಿದ್ದು ವೈರಸ್ ಮೇಲೆ. ಪರದೆಯ ಮೇಲೆ ಕಂಡ ರೋಗವೆಲ್ಲ ಪರದೆಯದೇ ಅನ್ನುವುದು ಕಂಪ್ಯೂಟರ್ ಇಟ್ಟವರ ಗಟ್ಟಿ ನಂಬಿಕೆ. ರಿಪೇರಿ ಹುಡುಗ ಬಂದ, ಫಾರ್ಮ್ಯಾಟ್ ಹೊಡೆದ. ಸೀರೆ ಡಿಸೈನುಗಳು ಹೋದವು, ತಂಗಿ ಮದುವೆ ಫೋಟೋ ಹೋದವು. ‘ನೋ ಸಿಗ್ನಲ್’ ಮಾತ್ರ ಹೊಸ ವಿಂಡೋಸಿನಲ್ಲಿ ಇನ್ನಷ್ಟು ನಿಚ್ಚಳವಾಗಿ ಕಾಣತೊಡಗಿತು.

ಎರಡನೇ ಆರೋಪಿ ಕುದಾಪುರ. ಅಲ್ಲಿ ಐಐಎಸ್ಸಿ ಇದೆ, ಇಸ್ರೋ ಇದೆ, ಬಿಎಆರ್‌ಸಿ ಇದೆ, 2017ರಿಂದ ಡಿಆರ್‌ಡಿಒದವರು ಚಾಲಕನಿಲ್ಲದ ವಿಮಾನ ಹಾರಿಸುವ ಬಯಲೂ ಇದೆ. 2019ರ ಸೆಪ್ಟೆಂಬರಿನಲ್ಲಿ ರುಸ್ತುಂ-2 ಜೋಡಿಚಿಕ್ಕೇನಹಳ್ಳಿ ಹತ್ತಿರ ತೋಟಕ್ಕೆ ಬಂದು ಬಿದ್ದ ಮೇಲಂತೂ ನಮ್ಮ ಕಡೆ ಎಮ್ಮೆ ಹಾಲು ಕಡಿಮೆ ಕೊಟ್ಟರೂ ಬೆರಳು ಕುದಾಪುರದ ಕಡೆಗೇ. ಅಲ್ಲಯ್ಯಾ, ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿರುವಂಥ ಕುಳಿ ತೋಡಿ ಚಂದ್ರಯಾನದ ಇಳಿಯುವ ಪರೀಕ್ಷೆ ಮಾಡಿದ ಜನ, ನಿನ್ನ ಚಂದನ ಕಿತ್ತುಕೊಂಡು ಏನು ಮಾಡುತ್ತಾರೆ?

ಮೂರನೆಯದು ವಾಸ್ತು. ಡಿಶ್ಶು ಆಗ್ನೇಯಕ್ಕೆ ಮುಖ ಮಾಡಿದೆ, ಅದು ಒಲೆಯ ಮೂಲೆ, ಈಶಾನ್ಯಕ್ಕೆ ತಿರುಗಿಸಿ ಅಂತ ಯಾರೋ ಹಿರಿಯರು ಹೇಳಿದರು. ಇವನು ತಿರುಗಿಸಿಯೂ ಬಿಟ್ಟ! ಫ್ರೀ ಡಿಶ್ಶಿನ ಉಪಗ್ರಹ ಜಿಸ್ಯಾಟ್-15, ಸಮಭಾಜಕದ ನೆತ್ತಿಯಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ಕೂತಿದೆ. ಚಳ್ಳಕೆರೆಯಿಂದ ನೋಡಿದರೆ ಅದು ಅಚ್ಚುಕಟ್ಟಾಗಿ ಆಗ್ನೇಯ, ನೆಲದಿಂದ 64 ಡಿಗ್ರಿ ಮೇಲೆ. 2015ರ ನವೆಂಬರಿನಲ್ಲಿ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ ಏರಿಯಾನ್ ರಾಕೆಟ್ ಏರಿ ಹೋದದ್ದು ಅದು. ಹೋದ ಮೇಲೆ ಅದರ ಲಗಾಮು ಹಿಡಿದದ್ದು ನಮ್ಮ ಹಾಸನದ ನಿಯಂತ್ರಣ ಕೇಂದ್ರ. ಏರುವಾಗ ಮೂರು ಟನ್ನಿಗೂ ಮಿಕ್ಕಿದ್ದ ಯಂತ್ರ 36,000 ಕಿಲೋಮೀಟರ್ ಮೇಲೆ ಜಾಗ ಬಿಟ್ಟು ಅಲ್ಲಾಡದಂತೆ ನೋಡಿಕೊಳ್ಳುತ್ತಾರೆ. ಇಲ್ಲಿ ಮಾಳಿಗೆ ಮೇಲಿನ ಎರಡಡಿ ತಟ್ಟೆ ಮೆಣಸಿನಕಾಯಿ ಒಣಹಾಕುವಾಗ ತಾಗಿದ ಮೊಣಕೈಗೆ ತಿರುಗಿ ಬಿಡುತ್ತದೆ.

ಈ ತಟ್ಟೆ ನೋಡಿದರೆ ಎದುರು ಮನೆ ಕಿಟಕಿಗೆ ಇಣುಕುತ್ತಿರುವ ಹಾಗಿರುತ್ತದೆ. ಮೋಸ ಹೋಗಬೇಡಿ. ಇದು ಆಫ್‌ಸೆಟ್ ಡಿಶ್ಶು. ತನ್ನ ಮುಖದ ನೇರಕ್ಕಿಂತ ಇಪ್ಪತ್ತು-ಇಪ್ಪತ್ತೈದು ಡಿಗ್ರಿ ಮೇಲಕ್ಕೇ ಅದರ ದೃಷ್ಟಿ. ಅದರ ತುದಿಯಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಯನ್ನೂ ನೆಟ್ಟಗೆ ಕೂರಿಸಿದರೆ ನಡೆಯುವುದಿಲ್ಲ. ನಮ್ಮ ಅಕ್ಷಾಂಶಕ್ಕೆ ಅಲೆಗಳು ಓರೆಯಾಗಿ ಬಂದು ಬೀಳುವುದರಿಂದ ಅದನ್ನು ಐವತ್ತು ಡಿಗ್ರಿಯ ಹತ್ತಿರ ತಿರುವಬೇಕು. ಬಿಗಿಸಿದವರು ಚಂದಕ್ಕೆ ನೆಟ್ಟಗಿಟ್ಟು ಹೋಗಿರುತ್ತಾರೆ.

ಇನ್ನು ತಿರುಗಿಸುವ ಸಂಭ್ರಮ. ಮೇಲೆ ಇವನು, ಕೆಳಗೆ ಪರದೆ ಮುಂದೆ ಅವನ ಹೆಂಡತಿ.

"ಬಂತೇನೇ?"

"ಇಲ್ಲ!"

"ಈಗ?"

"ಹಾಂ, ಬಂತು ಬಂತು, ಅಲ್ಲೇ ನಿಲ್ಸ್ರಿ... ಹೋತು!"

ಕಂಪ್ಯೂಟರ್ ಸಿಗ್ನಲ್ ಹಿಡಿದು ಮೀಟರಿನಲ್ಲಿ ತೋರಿಸುವುದಕ್ಕೆ ಎರಡು ಮೂರು ಸೆಕೆಂಡ್ ತಗಲುತ್ತದೆ. ಆಕೆ ‘ಬಂತು’ ಅನ್ನುವ ಹೊತ್ತಿಗೆ ಇವನ ಕೈ ಮುಂದಿನ ಉಪಗ್ರಹಕ್ಕೆ ಹೋಗಿರುತ್ತದೆ. ಬೆರಳಗಲ ತಿರುಗಿಸಿ, ನಿಂತು, ಉಸಿರೆಳೆದು ಆಮೇಲೆ ಕೂಗಪ್ಪಾ ಅಂದರೆ ಕೇಳುವ ಪೈಕಿಯಲ್ಲ.

ಅವರಿಬ್ಬರಿಗೆ ಇನ್ನೊಂದು ಜಗಳ. ಪರದೆ ಮೇಲೆ ಎರಡು ಪಟ್ಟಿ: ಒಂದು ಸ್ಟ್ರೆಂತ್, ಇನ್ನೊಂದು ಕ್ವಾಲಿಟಿ. "ತೊಂಬತ್ತು ಐತೆ ನೋಡು, ಆದರೂ ಚಿತ್ರ ಇಲ್ಲ, ಅಂದ್ರೆ ಕಾರ್ಡೇ ಹೋಗೈತೆ" ಅಂತ ಇವನ ವಾದ. ನಾಯಕನಹಟ್ಟಿ ಜಾತ್ರೆಯಲ್ಲಿ ತೇರಿನ ಪಕ್ಕ ನಿಂತರೆ ಸದ್ದಿಗೇನು ಬರವೇ? ಆದರೆ ಮುಕ್ತಿ ಬಾವುಟದ ಹರಾಜು ಎಷ್ಟಕ್ಕೆ ನಿಂತಿತು ಅಂತ ಕಿವಿಗೆ ಬೀಳಬೇಕಲ್ಲ. ಸ್ಟ್ರೆಂತ್ ಅನ್ನುವುದು ಬರೀ ಸದ್ದು, ಕ್ವಾಲಿಟಿ ಅದರೊಳಗಿನ ಮಾತು. ಡಿಶ್ಶು ಯಾವ ಉಪಗ್ರಹವನ್ನೂ ನೋಡದಿದ್ದರೂ ಎಲ್‌ಎನ್‌ಬಿಯ ಸ್ವಂತ ಗಲಾಟೆಗೇ ಮೊದಲ ಪಟ್ಟಿ ಏರಿ ಕೂರುತ್ತದೆ. ಎರಡನೆಯದು ಸೊನ್ನೆಯಿದ್ದರೆ ದಿಕ್ಕು ತಪ್ಪಿದೆ, ಇಲ್ಲವೇ ಸಾಫ್ಟ್‌ವೇರಿನಲ್ಲಿ ಎಲ್‌ಎನ್‌ಬಿಯ 9750, 10600 ಅನ್ನುವ ಲೆಕ್ಕ ತಪ್ಪಾಗಿ ಬಿದ್ದಿದೆ. ಎರಡೂ ಸೊನ್ನೆಯಾದರೆ ವಯರ್ ನೋಡಿ. ಎಲ್‌ಎನ್‌ಬಿಗೆ ಕರೆಂಟು ಮಾಳಿಗೆ ಮೇಲೆ ಹುಟ್ಟುವುದಿಲ್ಲ. ಕೆಳಗಿನ ಕಾರ್ಡೇ ಅದೇ ವಯರಿನಲ್ಲಿ 13 ಇಲ್ಲವೇ 18 ವೋಲ್ಟ್ ಮೇಲಕ್ಕೆ ಕಳಿಸಬೇಕು. ಕಾರ್ಡಿನ ಬದಲು ಯುಎಸ್‌ಬಿ ಡಬ್ಬಿ ಇಟ್ಟವರು ಅದರ ಅಡಾಪ್ಟರನ್ನು ಮೊಬೈಲ್ ಚಾರ್ಜಿಗೆ ಪ್ಲಗ್ ಜಾಗ ಬೇಕೆಂದು ಕಿತ್ತಿಟ್ಟು, ಉಪಗ್ರಹ ಸತ್ತಿದೆ ಅನ್ನುತ್ತಾರೆ.

ಕೊನೆಗೆ ಎಲ್‌ಎನ್‌ಬಿ ಬುಡದ ಪಿನ್ನು ತಿರುಗಿಸಿ ಬಿಚ್ಚಿಸಿದೆ. ಒಳಗೆ ನಡುವಿನ ತಾಮ್ರದ ತಂತಿಗೆ ಹಸಿರು ಕಿಲುಬು. ಸುತ್ತಲಿನ ಹೆಣಿಗೆಯ ಕೂದಲೆಳೆಯಂಥ ಒಂದು ತಂತಿ ಬಾಗಿ ಬಂದು ನಡುವಿನದಕ್ಕೆ ಆಗಾಗ ತಾಗುತ್ತಿದೆ. ಪಿನ್ನು ಅಲುಗಿಸಿದರೆ ಒಂದು ತೊಟ್ಟು ನೀರೂ ಬಿತ್ತು. ಮಳೆಯೇ ಇಲ್ಲದ ಊರಿನಲ್ಲಿ ನೀರು ಎಲ್ಲಿಂದ ಅಂತ ಇಬ್ಬರೂ ತಲೆ ಎತ್ತಿದರೆ, ಪಕ್ಕದಲ್ಲೇ ನೀರಿನ ಟ್ಯಾಂಕು. ಮೋಟರ್ ಹಾಕಿ ಧಾರಾವಾಹಿಗೆ ಕೂತರೆ ಅದು ಉಕ್ಕುತ್ತದೆ, ಉಕ್ಕಿದ್ದು ವಯರು ಹಿಡಿದು ಪಿನ್ನಿಗಿಳಿಯುತ್ತದೆ. ಧಾರಾವಾಹಿ ತನ್ನ ಕುತ್ತಿಗೆಯನ್ನು ತಾನೇ ಹಿಸುಕಿಕೊಂಡಿತ್ತು! ತುದಿ ಕತ್ತರಿಸಿ, ಹೊಸ ಪಿನ್ನು ಹಾಕಿ, ಬಾಯಿಗೆ ಟೇಪ್ ಸುತ್ತಿ, ವಯರನ್ನು ಕೆಳಕ್ಕೊಂದು ಬಳಸು ಕೊಟ್ಟು ಕಟ್ಟಿದರೆ ನೀರು ಆ ಬಳಸಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಆಮೇಲೆ ಡಿಶ್ಶನ್ನು ಮತ್ತೆ ಒಲೆಯ ಮೂಲೆಗೇ ತಿರುಗಿಸಿದೆವು.

ಕ್ವಾಲಿಟಿ ಪಟ್ಟಿ ಎದ್ದಿತು. ಚಾನಲ್ಲುಗಳು ಬಂದವು. ಕೆಲವದರಲ್ಲಿ ಮಾತು ಬಂತು, ಚಿತ್ರ ಮಾತ್ರ ಕಪ್ಪು. ಇದಕ್ಕೂ ಡಿಶ್ಶು ತಿರುಗಿಸಲು ಏಣಿ ಹತ್ತಿದವನನ್ನು ಕಾಲು ಹಿಡಿದು ಇಳಿಸಿದೆ. ಫ್ರೀ ಡಿಶ್ಶಿನಲ್ಲಿ ಕೆಲವು ಚಾನಲ್ಲು ಎಂಪೆಗ್-2, ಕೆಲವು ಎಂಪೆಗ್-4. ಎರಡನೆಯದನ್ನು ಬಿಚ್ಚಿ ಓದುವ ಕೋಡೆಕ್ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಹೀಗೇ ಆಗುವುದು. ಮೊಳಕಾಲ್ಮುರಿನವರಿಗೆ ಇದು ಹೊಸ ಕಷ್ಟವೂ ಅಲ್ಲ. 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ ಬ್ರಹ್ಮಗಿರಿಯ ಅಶೋಕನ ಶಾಸನ ಪೂರ್ತಿ ಬ್ರಾಹ್ಮಿಯಲ್ಲಿದೆ. ಬರೆದ ಚಪಡ ಅನ್ನುವ ಪುಣ್ಯಾತ್ಮ ತನ್ನ ಹೆಸರಾದ ಮೇಲೆ ‘ಲಿಪಿಕಾರ’ ಅನ್ನುವ ಮಾತನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಕೆತ್ತಿಟ್ಟ. ಆವತ್ತು ಬಂಡೆ ಮುಂದೆ ನಿಂತವರಲ್ಲಿ ಆ ಕೋಡೆಕ್ ಯಾರ ಬಳಿ ಇತ್ತೋ!

ಆಕಾಶದ ಕಡೆಯಿಂದಲೂ ಒಂದೆರಡು ತಕರಾರು ಇಲ್ಲವೆಂದಲ್ಲ. ಮಾರ್ಚಿನಲ್ಲೊಮ್ಮೆ, ಸೆಪ್ಟೆಂಬರ್-ಅಕ್ಟೋಬರ್ ಸಂದಿಯಲ್ಲೊಮ್ಮೆ ಕೆಲವು ದಿನ ಹೊತ್ತು ಹನ್ನೊಂದರ ಆಸುಪಾಸಿಗೆ ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನಿಗೆ ಬಂದು ನಿಲ್ಲುತ್ತಾನೆ. ಆಗ ಐದ್ಹತ್ತು ನಿಮಿಷ ಸಿಗ್ನಲ್ ಮಂಗಮಾಯ. ಆ ಹೊತ್ತಿಗೆ ಸ್ಪ್ಯಾನರ್ ಹಿಡಿದು ಮೇಲೆ ಹತ್ತಿದವರು ಚೆನ್ನಾಗಿದ್ದದ್ದನ್ನು ಕೆಡಿಸಿಕೊಂಡೇ ಇಳಿಯುವುದು.

ಮತ್ತೊಂದು ಮಳೆ. ದಪ್ಪ ಹನಿ ಕೆಯು ಬ್ಯಾಂಡಿನ ಅಲೆಗಳನ್ನು ನುಂಗಿ ಹಾಕುತ್ತದೆ, ಅದಕ್ಕೆ ಯಾವ ಸಾಫ್ಟ್‌ವೇರೂ ಮದ್ದಲ್ಲ. ಈಗ ಶೇಂಗಾ ಬಿತ್ತಿದ ಮೇಲೆ ನಮ್ಮಿಬ್ಬರ ಫೋನಿನ ಮಾತುಕತೆಯೇ ಬದಲಾಗಿದೆ.

"ಏನಪ್ಪಾ, ನಿಮ್ಮ ಕಡೆ ಸಿಗ್ನಲ್ ಹೋತಾ?"

"ಎಲ್ಲಿ ಭಾವ, ಚೆನ್ನಾಗೇ ಬರ್ತೈತೆ, ಹಾಳಾದ್ದು."