ಬಾಗಿಲು ಹಾಕಿದ ಮೇಲೆ ಬಲ್ಬಿನ ಗತಿ

ಫ್ರಿಜ್ಜು ಕೆಟ್ಟ ಸುದ್ದಿಯನ್ನು ಮನೆಯಲ್ಲಿ ಮೊದಲು ಹೇಳುವುದು ಮೊಸರು. ಬೆಳಿಗ್ಗೆ ಒಳಗಿಟ್ಟದ್ದು ಸಂಜೆಗೆ ಹಲ್ಲು ಚುಳ್ಳೆನ್ನುವಷ್ಟು ಹುಳಿ. ಆಮೇಲಿನ ಸರದಿ ದೋಸೆ ಹಿಟ್ಟಿನದು. ಮುಚ್ಚಳ ಎತ್ತಿಕೊಂಡು ಹೊರಗೆ ಇಣುಕುತ್ತದೆ. ಕೊನೆಗೆ ಮನೆಮಂದಿಯೆಲ್ಲ ಒಬ್ಬೊಬ್ಬರಾಗಿ ಬಂದು ಬಾಗಿಲು ತೆಗೆದು, ಕೈಯಿಟ್ಟು ನೋಡಿ, "ತಣ್ಣಗೇ ಇಲ್ಲ" ಎಂದು ಘೋಷಿಸುತ್ತಾರೆ. ಹೀಗೆ ಗಳಿಗೆಗೊಬ್ಬರು ಬಾಗಿಲು ತೆಗೆದರೆ ಹೊಸ ಫ್ರಿಜ್ಜೂ ತಣ್ಣಗಿರುವುದಿಲ್ಲ ಎಂದು ನಾನು ಸಣ್ಣ ಉಪನ್ಯಾಸ ಕೊಟ್ಟೆ. ಉಪನ್ಯಾಸದುದ್ದಕ್ಕೂ ಬಾಗಿಲು ತೆಗೆದುಕೊಂಡೇ ನಿಂತಿದ್ದೆ.

"ಮೆಕ್ಯಾನಿಕ್ ಕರೀರಿ" ಎಂದಳು ಹೆಂಡತಿ. ಆ ಮಾತೇ ನನಗೆ ಆಗದು. ಹೋದ ಬೇಸಿಗೆಯಲ್ಲಿ ಬಂದಿದ್ದ ಮಹಾಶಯ ಇನ್ನೂ ಚಪ್ಪಲಿ ಬಿಡುತ್ತಿರುವಾಗಲೇ, ಫ್ರಿಜ್ಜಿನ ಮುಖವನ್ನೂ ನೋಡದೆ, "ಗ್ಯಾಸ್ ಹೋಗಿದೆ ಸಾರ್" ಎಂದಿದ್ದ. ಫ್ರಿಜ್ಜಿನ ಗ್ಯಾಸೇನು ಒಲೆಯ ಸಿಲಿಂಡರಿನದೇ, ಉರಿಸಿದಷ್ಟೂ ಖರ್ಚಾಗಲು? ಬೆಸುಗೆ ಹಾಕಿದ ಕೊಳವೆಯೊಳಗೆ ಅಷ್ಟೇ ಗ್ಯಾಸು ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಐಸ್ ಪೆಟ್ಟಿಗೆಯ ಸುತ್ತ ಆವಿಯಾಗುವಾಗ ಶಾಖ ಹೀರುತ್ತದೆ, ಹಿಂದಿನ ಕಪ್ಪು ಜಾಲರಿಯಲ್ಲಿ ಮತ್ತೆ ದ್ರವವಾಗುವಾಗ ಆ ಶಾಖವನ್ನು ನಮ್ಮ ಅಡುಗೆಮನೆಗೆ ಬಿಡುತ್ತದೆ. ಎಲ್ಲೋ ತೂತು ಬೀಳದೆ ಅದು ಹೋಗುವ ಹಾಗಿಲ್ಲ. "ತೂತು ಎಲ್ಲಪ್ಪಾ?" ಎಂದು ಕೇಳಿದ್ದಕ್ಕೆ, "ಹಾಕಿಸ್ಕೊಳ್ತೀರೋ ಇಲ್ವೋ ಹೇಳಿ ಸಾರ್, ಇನ್ನೂ ನಾಕು ಮನೆ ಇದೆ" ಎಂದ. ತೂತೂ ಹುಡುಕಲಿಲ್ಲ, ಬೆಸುಗೆಯೂ ಹಾಕಲಿಲ್ಲ. ಏನೋ ತುಂಬಿದ, ದುಡ್ಡು ಎಣಿಸಿಕೊಂಡ, ಹೋದ. ಬಾಕಿ ನಾಲ್ಕು ಮನೆಯಲ್ಲೂ ಗ್ಯಾಸೇ ಹೋಗಿತ್ತೆಂದು ಬೇರೆ ಹೇಳಬೇಕಿಲ್ಲ.

ಆದ್ದರಿಂದ ಈ ಸಲ ನಾನೇ ಎಂದು ತೀರ್ಮಾನಿಸಿದೆ. "ಐನ್‌ಸ್ಟೈನ್ ಅಂಥವರೇ ಫ್ರಿಜ್ಜಿಗೆ ಕೈ ಹಾಕಿದ್ರು ಕಣೇ. ಲಿಯೋ ಸಿಲಾರ್ಡ್ ಜೊತೆ ಸೇರಿ, ಓಡಾಡೋ ಭಾಗಾನೇ ಇಲ್ಲದ ಒಂದು ಫ್ರಿಜ್ಜು ಮಾಡಿ, 1930ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ತಗೊಂಡ್ರು" ಎಂದೆ.

"ಆಮೇಲೆ ಅವರ ಮನೇಲಿ ಮೊಸರು ಸರಿಹೋಯ್ತಾ?" ಎಂದಳು.

ನನ್ನ ಮೊದಲ ಅನುಮಾನ ಬಲ್ಬಿನ ಮೇಲೆ. ನಮ್ಮದು ಹಳೇ ಒಂಟಿ ಬಾಗಿಲಿನ ಫ್ರಿಜ್ಜು. ಒಳಗಿರುವುದು ಎಲ್‌ಇಡಿ ಅಲ್ಲ, ಮುಟ್ಟಿದರೆ ಕೈ ಸುಡುವ ತಂತಿ ಬಲ್ಬು. ಬಾಗಿಲು ಹಾಕಿದ ಮೇಲೂ ಅದು ಉರಿಯುತ್ತಿದ್ದರೆ ಐಸ್ ಪೆಟ್ಟಿಗೆಯ ಪಕ್ಕದಲ್ಲೇ ಸಣ್ಣ ಒಲೆ ಹಚ್ಚಿಟ್ಟ ಹಾಗೆ. ಇದನ್ನು ಪರೀಕ್ಷಿಸುವುದು ಬಲು ಸುಲಭ. ಬಾಗಿಲ ಚೌಕಟ್ಟಿನಲ್ಲಿ ಬಿಳಿ ಗುಂಡಿಯೊಂದಿದೆ, ಬೆರಳಲ್ಲಿ ಒತ್ತಿದರೆ ಬಲ್ಬು ಆರಬೇಕು. ಒತ್ತಿದೆ, ಆರಿತು. ಬಿಟ್ಟೆ, ಹತ್ತಿತು. ಬುದ್ಧಿವಂತನಿಗೆ ಇಷ್ಟು ಸಾಕು. ಆದರೆ ಬೆರಳು ಒತ್ತುವ ಒತ್ತಡವೇ ಬೇರೆ, ಬಾಗಿಲು ಒತ್ತುವ ಒತ್ತಡವೇ ಬೇರೆಯಲ್ಲವೇ? ನಾನು ನೋಡದಿರುವಾಗ ಬಲ್ಬು ಏನು ಮಾಡುತ್ತದೆ? ಚಿಕ್ಕಂದಿನಿಂದ ಕಾಡಿದ ಪ್ರಶ್ನೆ. ಬಾಗಿಲನ್ನು ಮೆಲ್ಲಗೆ ಮುಚ್ಚುತ್ತಾ, ಕೂದಲೆಳೆ ಸಂದಿಯಲ್ಲಿ ಕಣ್ಣಿಟ್ಟು, ಮೂಗು ಸಿಕ್ಕಿಸಿಕೊಂಡವರಿಗೆ ಅದರ ತೂಕ ಗೊತ್ತು.

ಮೊಬೈಲಿನಲ್ಲಿ ವಿಡಿಯೊ ಹಾಕಿ, ಬಾಗಿಲಿಗೆ ಮುಖ ಮಾಡಿಸಿ, ಹಿಂದಿನ ದಿನದ ಹುಳಿ ಪಾತ್ರೆಗೆ ಒರಗಿಸಿ ನಿಲ್ಲಿಸಿದೆ. ಕ್ಯಾಮೆರಾಕ್ಕೆ ಅಡ್ಡ ಬಂದ ಕೊತ್ತಂಬರಿ ಕಟ್ಟನ್ನು ಸರಿಸಿದೆ. ಬಾಗಿಲು ಹಾಕಿದೆ. ಗೋಡೆ ಗಡಿಯಾರ ನೋಡುತ್ತಾ ನಿಂತೆ.

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಕೇಳಿದರು: "ಬಾಗಿಲು ಹಾಕಿದ್ ಮೇಲೆ ದೀಪ ಇದ್ರೆಷ್ಟು ಹೋದ್ರೆಷ್ಟು? ಒಳಗೆ ಓದೋರು ಯಾರಿದಾರೆ?"

ಉತ್ತರ ಹೇಳಬೇಕು ಎನ್ನುವಷ್ಟರಲ್ಲಿ ಫ್ರಿಜ್ಜು ರಿಂಗಾಯಿತು. ಅತ್ತೆಯ ಕೈಯಿಂದ ಮೊರ ಜಾರಿ ಅವರೆಕಾಳು ಅಡುಗೆಮನೆ ತುಂಬ ಹರಡಿತು. ನಾನು ಕಾಳಿನ ಮೇಲೆ ಕಾಲಿಟ್ಟು, ಜಾರಿ, ಫ್ರಿಜ್ಜಿನ ಹಿಡಿ ಹಿಡಿದುಕೊಂಡು, ಬಾಗಿಲು ತೆಗೆದು, ಹುಳಿ ಪಾತ್ರೆಯ ಪಕ್ಕ ತಲೆ ತೂರಿಸಿ "ಹಲೋ" ಎಂದೆ. ಅತ್ತಲಿಂದ ಒಂದು ಹೆಣ್ಣುಮಗಳು, ತಮಗೆ ಪರ್ಸನಲ್ ಲೋನ್ ಬೇಕೇ ಎಂದು ವಿಚಾರಿಸಿದಳು. ಹೊಸ ಫ್ರಿಜ್ಜಿಗೂ ಕೊಡುತ್ತಾರಂತೆ.

ಫೋನು ಬಂದದ್ದರಿಂದ ಚಿತ್ರೀಕರಣ ನಿಂತುಹೋಗಿತ್ತು. ಏರೋಪ್ಲೇನ್ ಮೋಡಿಗೆ ಹಾಕಿ ಮತ್ತೆ ಒಳಗಿಟ್ಟೆ.

ಸಂಜೆ ಊಟದ ಮೇಜಿನ ಮೇಲೆ ಚಿತ್ರ ಬಿಡುಗಡೆಯಾಯಿತು. ಮೊದಲ ದೃಶ್ಯದಲ್ಲಿ ನನ್ನ ಮುಖ, ಅದರಲ್ಲೂ ಮೂಗಿನ ಹೊಳ್ಳೆಗಳೇ ಹೆಚ್ಚು. ಆಮೇಲೆ ಬಾಗಿಲು ಸರಿದು ಬಂತು, ಟಪ್ ಎಂದು ಕತ್ತಲು. ಬಲ್ಬು ನಿರಪರಾಧಿ! ನಾನು ಎದ್ದು ನಿಲ್ಲುವುದರಲ್ಲಿದ್ದೆ. ಅಷ್ಟರಲ್ಲಿ ಆ ಕತ್ತಲಿನಿಂದ, ಪಕ್ಕದಲ್ಲಿ ಕೂತು ಹೇಳಿದಷ್ಟು ಸ್ಪಷ್ಟವಾಗಿ, ಹೆಂಡತಿಯ ದನಿ ಬಂತು: "ಭಾನುವಾರ ಬಂದ್ರೆ ಹೀಗೇ ಅಮ್ಮ. ಹೋದ ವಾರ ಮಿಕ್ಸಿ ಬಿಚ್ಚಿದ್ರು." ಅತ್ತೆಯ ದನಿ: "ಹೋಗ್ಲಿ ಬಿಡೇ, ಇಸ್ಪೀಟಿಗಿಂತ ವಾಸಿ."

ಮಗ ಬಿದ್ದು ಬಿದ್ದು ನಕ್ಕ. ನನಗೆ ಹೊಳೆದದ್ದೇ ಬೇರೆ. ಮಾತು ಇಷ್ಟು ಸಲೀಸಾಗಿ ಒಳಗೆ ಬರುವುದಾದರೆ ತಂಪು ಅಷ್ಟೇ ಸಲೀಸಾಗಿ ಹೊರಗೆ ಹೋಗಬೇಕಲ್ಲ? ಮತ್ತೆ ಹಾಕಿ ನೋಡಿದೆವು. ಕತ್ತಲಲ್ಲಿ, ಬಾಗಿಲ ಕೆಳಮೂಲೆಯಲ್ಲಿ, ಅಡುಗೆಮನೆಯ ಟ್ಯೂಬ್‌ಲೈಟಿನ ಬೆಳಕು ದಾರದಷ್ಟು ತೆಳ್ಳಗೆ ಗೆರೆ ಎಳೆದಿತ್ತು. ಕಳ್ಳ ಸಿಕ್ಕಿದ್ದ: ಗ್ಯಾಸ್ಕೆಟ್ಟು, ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿ.

ಆ ಗೆರೆಯ ಪಕ್ಕದಲ್ಲೇ, ಬಾಗಿಲ ತಟ್ಟೆಯಲ್ಲಿ, ಅತ್ತೆಯ ಸ್ಟೀಲ್ ಡಬ್ಬಿ ಕಾಣುತ್ತಿತ್ತು. ಇನ್ಸುಲಿನ್. ಯಾರೂ ನಗಲಿಲ್ಲ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಬಿಸಿಯೂ ಆಗದು, ಐಸ್ ಪೆಟ್ಟಿಗೆಗೆ ತಾಗಿ ಹೆಪ್ಪುಗಟ್ಟಿದರೆ ಕರಗಿಸಿ ಬಳಸುವಂತಿಲ್ಲ, ಎಸೆಯಬೇಕು. ಮೊಸರು ಹುಳಿಯಾದದ್ದು ನಾಲಿಗೆಗೆ ಗೊತ್ತಾಗುತ್ತದೆ, ಇನ್ಸುಲಿನ್ ಕೆಟ್ಟದ್ದು ಎಷ್ಟೋ ಸಲ ನೋಡಿದರೂ ಗೊತ್ತಾಗುವುದಿಲ್ಲ. ಫ್ರಿಜ್ಜಿಲ್ಲದ ಮನೆಗಳಲ್ಲಿ ಒದ್ದೆ ಮಣ್ಣಿನ ಕುಡಿಕೆಯಲ್ಲಿಟ್ಟು ಅದನ್ನು ಕಾಪಾಡಿಕೊಳ್ಳುವವರಿದ್ದಾರೆ. ಹೆಂಡತಿ ಮಾತಾಡದೆ ಡಬ್ಬಿ ಎತ್ತಿಕೊಂಡು ಮಹಡಿ ಮನೆಯವರ ಫ್ರಿಜ್ಜಿಗೆ ಹೋದಳು. ಮೆಡಿಕಲ್ ಸ್ಟೋರಿನಲ್ಲಿ ವಿಚಾರಿಸಿ, ಹಳೆಯದನ್ನು ಬಿಟ್ಟು ಹೊಸದನ್ನೇ ತಂದೆವು. ಗ್ಯಾಸ್ ತುಂಬಿಸಿ ದುಡ್ಡು ಎಣಿಸಿಕೊಂಡವನ ಮೇಲಿನ ಸಿಟ್ಟು ನನಗೆ ಆವತ್ತು ಇನ್ನೊಂದು ಸಲ ಬಂತು.

ಮಿಕ್ಕದ್ದೆಲ್ಲ ಸಲೀಸು. ಪ್ಲಗ್ ಕಿತ್ತೆ. ಗ್ಯಾಸ್ಕೆಟ್ಟಿನ ಮಡಿಕೆಯಲ್ಲಿ ಗೊಜ್ಜು, ಹಿಟ್ಟು, ಯಾವ ಹಬ್ಬದ್ದೋ ಪಾಯಸ ಪದರ ಪದರವಾಗಿ ಕೂತಿತ್ತು. ಸೋಪಿನ ನೀರು, ಹಳೇ ಟೂತ್‌ಬ್ರಶ್ಶು. ಸೊಟ್ಟಗಾದ ಮೂಲೆಗೆ ಬಿಸಿನೀರಲ್ಲಿ ಅದ್ದಿದ ಬಟ್ಟೆ ಒತ್ತಿ, ಮೆತ್ತಗಾದ ಮೇಲೆ ಎಳೆದು ನೇರ ಮಾಡಿದೆ. ಬಾಗಿಲನ್ನು ಒಳಗಿನಿಂದ ನೂಕುತ್ತಿದ್ದ ಹಿಟ್ಟಿನ ಪಾತ್ರೆಯ ಹಿಡಿಯನ್ನು ಪಕ್ಕಕ್ಕೆ ತಿರುಗಿಸಿದೆ. ಮುಂದಿನ ಕಾಲುಗಳನ್ನು ಚೂರು ಎತ್ತರಿಸಿದೆ, ಬಾಗಿಲು ತಾನೇ ಹೋಗಿ ಕೂರಲಿ ಎಂದು. ಹಿಂದಿನ ಜಾಲರಿಯ ಧೂಳು ಗುಡಿಸಿ, ಫ್ರಿಜ್ಜನ್ನು ಗೋಡೆಯಿಂದ ಗೇಣುದ್ದ ಮುಂದೆ ಎಳೆದೆ. ಮತ್ತೆ ಹಾಕುವ ಮುಂಚೆ ಐದು ನಿಮಿಷ ಕಾಯಬೇಕು, ಕೊಳವೆಯೊಳಗಿನ ಒತ್ತಡ ಸಮವಾಗದಿದ್ದರೆ ಕಂಪ್ರೆಸರ್ ಮುಕ್ಕರಿಯುತ್ತದೆ. ಮಾರನೇ ದಿನ ಮೊಸರು ಮೊಸರಾಗಿಯೇ ಇತ್ತು. ನನ್ನ ಕೀರ್ತಿ ಮಹಡಿಗೂ ಹಬ್ಬಿ, ಅವರ ಫ್ರಿಜ್ಜಿನಲ್ಲಿ ತರಕಾರಿ ಡಬ್ಬಕ್ಕೆ ನೀರು ಇಳಿಯುವುದನ್ನೂ ನಿಲ್ಲಿಸಿಕೊಟ್ಟೆ. ಹಿಂಗೋಡೆಯ ಸಣ್ಣ ತೂತಿನಲ್ಲಿ ಸೊಪ್ಪಿನ ಚೂರು ಸಿಕ್ಕಿತ್ತು, ಉಗುರುಬೆಚ್ಚಗಿನ ನೀರು ಬಿಟ್ಟರೆ ಹೋಯಿತು.

ಓದುಗರಲ್ಲಿ ವಿನಂತಿ ಇಷ್ಟೇ. ಐಸ್ ಕೀಳಲು ಚಾಕು ಹಾಕಬೇಡಿ. ಆ ತೆಳು ಅಲ್ಯುಮಿನಿಯಂ ತೂತಾದರೆ ಗ್ಯಾಸು ನಿಜವಾಗಿಯೂ ಹೋಗುತ್ತದೆ. ಈಗಿನ ಫ್ರಿಜ್ಜುಗಳಲ್ಲಿ ಹೆಚ್ಚಾಗಿ ಇರುವುದು ಆರ್-600ಎ, ಅಂದರೆ ಐಸೊಬ್ಯೂಟೇನ್, ಬೆಂಕಿ ಹಿಡಿಯುವಂಥದು. ಕೊಳವೆ, ಕಂಪ್ರೆಸರ್, ವೈರಿಂಗ್ ಮೂರಕ್ಕೂ ಕೆಲಸ ಬಲ್ಲವರನ್ನೇ ಕರೆಯಿರಿ, ನನ್ನನ್ನಲ್ಲ. ಆದರೆ ಕರೆಯುವ ಮುಂಚೆ ಒಂದು ಹತ್ತು ರೂಪಾಯಿ ನೋಟನ್ನು ಬಾಗಿಲಿಗೆ ಸಿಕ್ಕಿಸಿ ಎಳೆದು ನೋಡಿ. ಬಿಗಿಯಾಗಿ ಬಂದರೆ ಗ್ಯಾಸ್ಕೆಟ್ಟು ಸರಿಯಿದೆ. ಸಲೀಸಾಗಿ ಜಾರಿ ಬಂದರೆ, ಐನೂರರ ನೋಟುಗಳನ್ನು ಹೊರಗೆ ತೆಗೆಯುವ ಅವಸರ ಬೇಡ.